ಬ್ಯಾಡಗಿ ಮೆಣಸಿನಕಾಯಿ ಹಾಕಿದ ಜೇನುತುಪ್ಪ ನೊರೆಯೇಳುವುದೇಕೆ, ಕೆಂಪಾಗದಿರುವುದೇಕೆ?

ಪ್ರಶ್ನೆ: ಹುಬ್ಬಳ್ಳಿಯ ವಿದ್ಯಾನಗರದಿಂದ

ಎಲ್ಲರಿಗೂ ನಮಸ್ಕಾರ. ಮೆಣಸಿನಕಾಯಿಯ ಖಾರವನ್ನು ಜೇನುತುಪ್ಪಕ್ಕೆ ಇಳಿಸಲು ಹೋಗಿ ಎರಡು ಸಲ ಕೆಡಿಸಿದ್ದೇನೆ. ಮೂರನೆಯ ಸಲ ಕೈಹಾಕುವ ಮೊದಲು ತಿಳಿದವರನ್ನು ಕೇಳುವುದು ಒಳ್ಳೆಯದೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಬೆಂಗಳೂರಿನಲ್ಲಿ ತಂಗಿಯ ಮನೆಗೆ ಹೋದಾಗ ಪಿಜ್ಜಾದ ಮೇಲೆ ಇಂಥ ಜೇನುತುಪ್ಪವನ್ನು ತೆಳುವಾಗಿ ಸುರಿದು ಕೊಟ್ಟಿದ್ದಳು. ಮೊದಲು ಸಿಹಿ ತಿಳಿದು, ನುಂಗಿದ ಮೇಲೆ ಖಾರ ನಿಧಾನವಾಗಿ ಏರುವ ಆ ರುಚಿಯನ್ನು ನಾನು ಮರೆಯಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಸೀಮೆಯವರಾದ ನಾವು ಅದನ್ನು ಬಾಟಲಿಯಲ್ಲಿ ಕೊಂಡು ತರುವುದೇಕೆ ಎಂದುಕೊಂಡು ಮನೆಯಲ್ಲೇ ಮಾಡಲು ನಿರ್ಧರಿಸಿದೆ.

ಮೊದಲನೆಯ ಸಲ, ಕುಂದಗೋಳ ತಾಲ್ಲೂಕಿನ ನಮ್ಮ ಸಂಬಂಧಿಕರ ಹೊಲದಿಂದ ಕೆಂಪು ಮೆಣಸಿನಕಾಯಿಯ ಚಟ್ನಿಯಾದ ರಂಜಕಕ್ಕೆಂದು ಬಂದಿದ್ದ ಹಸಿ ಕೆಂಪು ಹಣ್ಣುಗಾಯಿಗಳಲ್ಲಿ 100 ಗ್ರಾಂನಷ್ಟನ್ನು ಹೆಚ್ಚಿ, 500 ಗ್ರಾಂ ಜೇನುತುಪ್ಪದಲ್ಲಿ ಹಾಕಿ, ಗಾಜಿನ ಭರಣಿಯ ಮುಚ್ಚಳ ಬಿಗಿದು ಅಡುಗೆಮನೆಯ ಕಪಾಟಿನಲ್ಲಿಟ್ಟೆ. ನಾಲ್ಕೈದು ದಿನಗಳಲ್ಲಿ ಜೇನುತುಪ್ಪ ನೀರಿನಂತೆ ತೆಳ್ಳಗಾಯಿತು. ಹನ್ನೆರಡನೆಯ ದಿನ ಮುಚ್ಚಳ ತೆರೆದಾಗ ಬುಸ್ಸೆಂದು ಗಾಳಿ ಹೊರಬಂದು, ಮೇಲೆ ನೊರೆ ಕಟ್ಟಿ, ಹುಳಿ ವಾಸನೆ ಹೊಡೆಯಿತು. ಎಲ್ಲವನ್ನೂ ಚೆಲ್ಲಿದೆ.

ಎರಡನೆಯ ಸಲ ಕಡ್ಡಿ ಎಂಬ ಬಗೆಯ ಒಣ ಬ್ಯಾಡಗಿ ಕಾಯಿಯನ್ನು ತಂದು, ಚೂರು ಮಾಡಿ, ಜೇನುತುಪ್ಪದೊಂದಿಗೆ ನೇರವಾಗಿ ಒಲೆಯ ಮೇಲೆ ಹತ್ತು ನಿಮಿಷ ಕುದಿಸಿದೆ. ತಣ್ಣಗಾದ ಮೇಲೆ ಅದು ಎಳೆಪಾಕದಂತೆ ಗಟ್ಟಿಯಾಗಿ, ಕರಿದ ಬೆಲ್ಲದ ವಾಸನೆಯೂ ಸ್ವಲ್ಪ ಕಹಿಯೂ ಸೇರಿತು. ನನ್ನನ್ನು ಹೆಚ್ಚು ಕಾಡಿದ್ದು ಬಣ್ಣ. ಒಂದು ಚಮಚ ಪುಡಿ ಬಿದ್ದರೆ ಇಡೀ ಪಾತ್ರೆಯ ಸಾರನ್ನು ಕೆಂಪಾಗಿಸುವ ಮೆಣಸಿನಕಾಯಿ ಜೇನುತುಪ್ಪಕ್ಕೆ ಕಷಾಯದ ಕಂದು ಬಣ್ಣವನ್ನಷ್ಟೇ ಕೊಟ್ಟಿತು, ಖಾರವೂ ಇದ್ದೂ ಇಲ್ಲದಂತಿತ್ತು.

ಹಸಿ ಕಾಯಿ ಹಾಕಿದಾಗ ಏಕೆ ಕೆಟ್ಟಿತು, ಎಷ್ಟು ಬಿಸಿ ಮಾಡಬೇಕು, ಬಣ್ಣ ಬರಿಸುವ ದಾರಿ ಇದೆಯೇ ಎಂಬುದನ್ನು ದಯವಿಟ್ಟು ತಿಳಿಸಿ. ಜೇನುತುಪ್ಪವನ್ನು ಕಾಯಿಸಿದರೆ ಅದು ವಿಷವಾಗುತ್ತದೆ ಎಂದು ಮನೆಯ ಹಿರಿಯರು ಆಕ್ಷೇಪಿಸುತ್ತಿದ್ದಾರೆ. ಅದಕ್ಕೂ ಉತ್ತರ ಬೇಕಾಗಿದೆ.

ಉತ್ತರ: ಧಾರವಾಡದಿಂದ

ಆಹಾರ ಸಂರಕ್ಷಣೆಯ ವಿಷಯವನ್ನು ಹಲವು ವರ್ಷ ಕಲಿಸಿದವಳಾದ್ದರಿಂದ ನಿಮ್ಮ ಮೊದಲನೆಯ ಭರಣಿಯ ಕಥೆ ನನಗೆ ಅಪರಿಚಿತವಲ್ಲ. ಮಾವು, ನಿಂಬೆ, ರಂಜಕ ಎಲ್ಲದರಲ್ಲೂ ಹಸಿ ಕಾಯಿಯನ್ನೇ ಬಳಸಿ ರೂಢಿಯಾದ ನಮ್ಮ ಕೈ ಜೇನುತುಪ್ಪಕ್ಕೂ ಹಸಿ ಕಾಯಿಯನ್ನೇ ಹಾಕಿಬಿಡುತ್ತದೆ. ರಂಜಕವನ್ನು ಉಪ್ಪು ಮತ್ತು ಹುಳಿ ಕಾಯುತ್ತವೆ. ಜೇನುತುಪ್ಪವನ್ನು ಕಾಯುವುದು ಅದರಲ್ಲಿರುವ ನೀರಿನ ಕೊರತೆ. ಆ ಕೊರತೆಯನ್ನು ನಾವೇ ತುಂಬಿಕೊಟ್ಟರೆ ಅದಕ್ಕೆ ಬೇರೆ ಕಾವಲು ಹೆಚ್ಚೇನೂ ಇಲ್ಲ.

ನಿಮ್ಮ ಅಳತೆಯನ್ನೇ ಲೆಕ್ಕ ಹಾಕೋಣ. ಒಳ್ಳೆಯ ಜೇನುತುಪ್ಪದಲ್ಲಿ ಶೇಕಡಾ 18ರಷ್ಟು ನೀರಿರುತ್ತದೆ ಎಂದರೆ 500 ಗ್ರಾಂನಲ್ಲಿ 90 ಗ್ರಾಂ ನೀರು. 100 ಗ್ರಾಂ ಹಸಿ ಹಣ್ಣುಗಾಯಿಯಲ್ಲಿ ಸುಮಾರು 80 ಗ್ರಾಂ ನೀರು. ಸಕ್ಕರೆಯ ಸಾಂದ್ರತೆ ಕಾಯಿಯೊಳಗಿನ ನೀರನ್ನು ಹೊರಗೆಳೆದುಕೊಂಡ ಮೇಲೆ ನಿಮ್ಮ ಭರಣಿಯಲ್ಲಿದ್ದದ್ದು ಸುಮಾರು ಶೇಕಡಾ 29ರಷ್ಟು ನೀರಿನ ಸಕ್ಕರೆ ದ್ರವ. ಶೇಕಡಾ 20 ದಾಟಿದ ಮೇಲೆ, ಹೆಚ್ಚು ಸಕ್ಕರೆಯಲ್ಲೂ ಬದುಕಬಲ್ಲ ಯೀಸ್ಟ್‌ಗಳಿಗೆ ಉಸಿರು ಬರುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ಜೇನುತುಪ್ಪದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ತೇವ ಇರಬಾರದೆಂದು ಹೇಳುವುದರ ಹಿಂದೆಯೂ ಈ ಹುದುಗುವಿಕೆಯ ಭಯವಿದೆ. ಕಾಯಿಯ ಚೂರುಗಳು ತೇಲುವುದರಿಂದ ನೀರು ಮೊದಲು ಮೇಲಿನ ಪದರದಲ್ಲೇ ಸೇರುತ್ತದೆ, ನೊರೆ ಅಲ್ಲಿಂದಲೇ ಆರಂಭವಾಗುತ್ತದೆ. ಅದೇ 500 ಗ್ರಾಂಗೆ 20 ಗ್ರಾಂ ಚೆನ್ನಾಗಿ ಒಣಗಿದ ಕಾಯಿ ಹಾಕಿದರೆ ಸೇರುವ ನೀರು ಹೆಚ್ಚೆಂದರೆ ಎರಡು ಗ್ರಾಂ. ಈ ವ್ಯತ್ಯಾಸದ ಮೇಲೆಯೇ ಎಲ್ಲವೂ ನಿಂತಿದೆ.

ನೊರೆ ಬಂದದ್ದನ್ನು ಚೆಲ್ಲಿದ್ದು ಸರಿಯಾಯಿತು. ಜೇನುತುಪ್ಪದಲ್ಲಿ ಬಾಟ್ಯುಲಿಸಂ ರೋಗಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುವ ಸಾಧ್ಯತೆ ಯಾವಾಗಲೂ ಇದೆ. ಗಟ್ಟಿ ಜೇನುತುಪ್ಪದಲ್ಲಿ ಅವು ಮೊಳೆಯಲಾರವು, ಆದರೆ ಹಸಿ ತರಕಾರಿಯ ನೀರು ಸೇರಿದ, ಗಾಳಿಯಾಡದ ಭರಣಿಯಲ್ಲಿ ಆ ಭರವಸೆಯನ್ನು ಅಷ್ಟೇ ಗಟ್ಟಿಯಾಗಿ ಕೊಡಲಾಗದು. ಒಂದು ವರ್ಷ ತುಂಬದ ಮಗುವಿಗೆ ಖಾರದ್ದಿರಲಿ, ಬರಿಯ ಜೇನುತುಪ್ಪವನ್ನೂ ನೆಕ್ಕಿಸಬಾರದೆಂದು ವೈದ್ಯರು ಹೇಳುವುದು ಇದೇ ಬೀಜಕಣಗಳ ಕಾರಣಕ್ಕೆ. ಹುಟ್ಟಿದ ಕೂಸಿನ ನಾಲಿಗೆಗೆ ಜೇನುತುಪ್ಪ ಹಚ್ಚುವ ಪದ್ಧತಿ ನಮ್ಮ ಭಾಗದಲ್ಲಿ ಇನ್ನೂ ಉಳಿದಿರುವುದರಿಂದ ಈ ಮಾತನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಈಗ ಬಿಸಿಯ ವಿಷಯ. ನೇರ ಉರಿಯ ಮೇಲೆ ಪಾತ್ರೆಯ ತಳ 110 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಷ್ಟರಲ್ಲಿ ಜೇನುತುಪ್ಪದ ಫ್ರಕ್ಟೋಸ್ ಸಕ್ಕರೆ ಕರಿದು ಕಂದಾಗತೊಡಗುತ್ತದೆ, ಇದ್ದ ನೀರೂ ಹಾರಿ ದ್ರವ ಪಾಕಕ್ಕೆ ಬರುತ್ತದೆ. ನಿಮಗೆ ಸಿಕ್ಕಿದ್ದು ಅದೇ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಉರಿ ಆರಿಸಿ, ಅದರೊಳಗೆ ಜೇನುತುಪ್ಪವಿರುವ ಸ್ಟೀಲ್ ಪಾತ್ರೆ ಅಥವಾ ಗಾಜಿನ ಬಟ್ಟಲನ್ನು ಇಡಿ. ಜೇನುತುಪ್ಪ 50ರಿಂದ 55 ಡಿಗ್ರಿಯ ನಡುವೆ ಒಂದು ಗಂಟೆ ಇದ್ದರೆ ಸಾಕು, 60 ದಾಟಬಾರದು. ಅಡುಗೆಯ ಉಷ್ಣಮಾಪಕವೊಂದನ್ನು ಕೊಂಡುಕೊಳ್ಳಿ. ಈ ಕೆಲಸವನ್ನು ಅಂದಾಜಿನ ಮೇಲೆ ಮಾಡಿದವರಲ್ಲಿ ಹೆಚ್ಚಿನವರು ಹೆಚ್ಚು ಕಾಯಿಸಿಯೇ ಕೆಡಿಸಿದ್ದನ್ನು ನೋಡಿದ್ದೇನೆ. ಜೇನುತುಪ್ಪಕ್ಕೆ ಹುಳಿಯ ಗುಣವಿರುವುದರಿಂದ ಕಬ್ಬಿಣ, ತಾಮ್ರ, ಹಿತ್ತಾಳೆಯ ಪಾತ್ರೆಗಳು ಬೇಡ.

ಬಣ್ಣ ಮತ್ತು ಖಾರದ ಪ್ರಶ್ನೆಗೆ ಒಂದೇ ಉತ್ತರ. ಮೆಣಸಿನಕಾಯಿಯ ಕೆಂಪಿಗೆ ಕಾರಣವಾದ ಕ್ಯಾಪ್ಸಾಂಥಿನ್, ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎರಡೂ ಎಣ್ಣೆಯಲ್ಲಿ ಕರಗುವ ವಸ್ತುಗಳು, ಜೇನುತುಪ್ಪವಾದರೋ ಸಕ್ಕರೆ ಮತ್ತು ನೀರು. ಕ್ಯಾಪ್ಸೈಸಿನ್ ಅತ್ಯಲ್ಪ ಪ್ರಮಾಣದಲ್ಲೇ ನಾಲಿಗೆಗೆ ತಿಳಿಯುವಂಥದ್ದಾದ್ದರಿಂದ ಜೇನುತುಪ್ಪಕ್ಕೆ ಇಳಿದಷ್ಟೇ ಸಾಕಾಗುತ್ತದೆ. ಬಣ್ಣಕ್ಕೆ ಆ ಅನುಕೂಲವಿಲ್ಲ. ಸಾರಿನ ಮೇಲೆ ಕೆಂಪು ತೇಲುವುದು ಒಗ್ಗರಣೆಯ ಎಣ್ಣೆಯಲ್ಲಿ ಎಂಬುದನ್ನು ನೆನಪಿಸಿಕೊಂಡರೆ ನಿಮ್ಮ ಜೇನುತುಪ್ಪ ಏಕೆ ಕೆಂಪಾಗಲಿಲ್ಲವೆಂಬುದು ತಿಳಿಯುತ್ತದೆ.

ಉತ್ತರ: ಬ್ಯಾಡಗಿಯಿಂದ

ಮೇಲಿನವರು ಹೇಳಿದ ಮಾತಿಗೆ ನಮ್ಮ ಊರಿನ ವ್ಯಾಪಾರವೇ ಸಾಕ್ಷಿ. ಬ್ಯಾಡಗಿ ಕಾಯಿಯ ಬಣ್ಣವನ್ನು ಕಾರ್ಖಾನೆಗಳಲ್ಲಿ ಓಲಿಯೋರೆಸಿನ್ ಎಂಬ ಎಣ್ಣೆಯ ರೂಪದಲ್ಲಿ ತೆಗೆಯುತ್ತಾರೆ. ಅದು ಆಹಾರಕ್ಕೂ ತುಟಿಯ ಬಣ್ಣಕ್ಕೂ ಹೋಗುತ್ತದೆ. ನೀರಿನಲ್ಲಿ ಬರುವಂತಿದ್ದರೆ ಆ ಖರ್ಚಿಗೆ ಯಾರೂ ಇಳಿಯುತ್ತಿರಲಿಲ್ಲ.

ಮನೆತನದಿಂದ ಮೆಣಸಿನಕಾಯಿ ವ್ಯಾಪಾರದಲ್ಲಿರುವ ನನಗೆ ನಿಮ್ಮ ಎರಡನೆಯ ಪ್ರಯತ್ನದಲ್ಲಿ ಕಾಯಿಯ ಆಯ್ಕೆಯೇ ತಪ್ಪಿತೆನಿಸುತ್ತದೆ. ಕಡ್ಡಿ ಎಂದರೆ ತೆಳ್ಳಗೆ, ಉದ್ದಕ್ಕೆ, ಮೈತುಂಬ ಸುಕ್ಕಿರುವ ಕಾಯಿ: ಬಣ್ಣ ಹೆಚ್ಚು, ಬೀಜ ಕಡಿಮೆ, ಖಾರವಂತೂ ಬಹಳ ಕಡಿಮೆ. ಬ್ಯಾಡಗಿಯ ಇನ್ನೊಂದು ಬಗೆಯಾದ ಡಬ್ಬಿ ಗಿಡ್ಡಗೆ, ದಪ್ಪಗೆ ಇರುತ್ತದೆ, ಅದರ ಪರಿಮಳಕ್ಕಾಗಿ ಮಸಾಲೆ ಮಾಡುವವರು ಹುಡುಕಿಕೊಂಡು ಬರುತ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಬ್ಯಾಡಗಿಯ ಹೆಸರಿಗೆ. ಆ ಹೆಸರು ಖಾರದಿಂದ ಬಂದದ್ದಲ್ಲ, ಬಣ್ಣ ಮತ್ತು ಸ್ವಾದದಿಂದ ಬಂದದ್ದು. ಬಣ್ಣವನ್ನೇ ಒಪ್ಪಿಕೊಳ್ಳದ ಜೇನುತುಪ್ಪದಲ್ಲಿ ನೀವು ನಂಬಬೇಕಾದ್ದು ಸ್ವಾದವೊಂದನ್ನೇ. ಆದ್ದರಿಂದ ಡಬ್ಬಿಯನ್ನು ಆರಿಸಿ, ಖಾರಕ್ಕಾಗಿ ಗುಂಟೂರಿನ ಕಾಯಿಯನ್ನು ಸ್ವಲ್ಪ ಸೇರಿಸಿ. 500 ಗ್ರಾಂ ಜೇನುತುಪ್ಪಕ್ಕೆ 15 ಗ್ರಾಂ ಡಬ್ಬಿ, 5 ಗ್ರಾಂ ಗುಂಟೂರು ನಮ್ಮ ಮನೆಯ ಅಳತೆ. ನಮ್ಮ ಕಾಯಿ ಇರುವಾಗ ಹೊರಗಿನ ಕಾಯಿ ಏಕೆ ಎಂದು ಮೊದಲು ನಾನೂ ಹಟ ಹಿಡಿದಿದ್ದೆ, ಆದರೆ ಬರಿಯ ಬ್ಯಾಡಗಿಯಿಂದ ಖಾರ ತರಲು ಕಾಯಿಯನ್ನು ಹೆಚ್ಚಿಸಿದಷ್ಟೂ ಒಗರು ಬರುತ್ತದೆ.

ಖಾರ ಬೀಜದಲ್ಲಿದೆ ಎಂದು ಹೇಳುವುದುಂಟು. ಅದು ಇರುವುದು ಬೀಜ ಅಂಟಿಕೊಂಡಿರುವ ಬಿಳಿಯ ನಾರಿನ ಭಾಗದಲ್ಲಿ, ಬೀಜಕ್ಕೆ ಬರುವುದು ಅದರ ಸಹವಾಸದಿಂದ. ಬೀಜವನ್ನು ಕೊಡವಿ ತೆಗೆದು, ನಾರನ್ನು ಉಳಿಸಿಕೊಂಡು, ಕಾಯಿಯನ್ನು ಕತ್ತರಿಯಿಂದ ಸಣ್ಣದಾಗಿ ಕತ್ತರಿಸಿ. ಸುಟ್ಟ ಬೀಜದಷ್ಟು ಕಹಿ ಮತ್ತೊಂದಿಲ್ಲ.

ಕೊಳ್ಳುವಾಗ ಕಾಯಿಯನ್ನು ಮುರಿದು ನೋಡಿ. ಒಣಗಿದ ಕಾಯಿ ಮುರಿಯುತ್ತದೆ, ತೇವವಿದ್ದದ್ದು ಚರ್ಮದಂತೆ ಬಾಗುತ್ತದೆ. ನಿಯಮದ ಪ್ರಕಾರ ಒಣ ಮೆಣಸಿನಕಾಯಿಯ ತೇವ ಶೇಕಡಾ 11 ಮೀರಬಾರದು, ಆದರೆ ಶೀತಲ ಗೃಹದಿಂದ ಆಗಷ್ಟೇ ಹೊರಬಂದ ಕಾಯಿ ಮೆತ್ತಗಿರುತ್ತದೆ. ತೂಕಕ್ಕಾಗಿ ನೀರು ಚಿಮುಕಿಸಿದ ಕಾಯಿಯೂ ಕೆಲವೊಮ್ಮೆ ಕೈಗೆ ಬರುತ್ತದೆ. ಇದನ್ನು ಈ ವ್ಯಾಪಾರದಲ್ಲಿರುವವನಾಗಿ ನೋವಿನಿಂದಲೇ ಹೇಳುತ್ತಿದ್ದೇನೆ. ಒಳಗೆ ಬೂದು ಅಥವಾ ಕಪ್ಪು ಬೂಷ್ಟು ಕಂಡ ಕಾಯಿಯನ್ನು ಒರೆಸಿ ಬಳಸಬೇಡಿ, ಬೂಷ್ಟಿನ ವಿಷ ಒರೆಸಿದರೂ ಕಾಯಿಸಿದರೂ ಹೋಗುವುದಿಲ್ಲ. ತಂದದ್ದನ್ನು ಒಂದು ದಿನ ಬಿಸಿಲಿಗೆ ಹಾಕಿ, ಮಾಡುವ ಮೊದಲು ಸಣ್ಣ ಉರಿಯಲ್ಲಿ ಬಾಣಲೆಯ ಮೇಲೆ ಒಂದೆರಡು ನಿಮಿಷ ಕೈಯಾಡಿಸಿ. ಘಾಟು ಬರುವುದರೊಳಗೆ ಇಳಿಸಬೇಕು.

ಕೆಂಪು ಬೇಕೇಬೇಕೆಂದರೆ, ಕಡ್ಡಿಯನ್ನು ನುಣ್ಣಗೆ ಪುಡಿಮಾಡಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಸೋಸಿದ ಜೇನುತುಪ್ಪಕ್ಕೆ ಅರ್ಧ ಚಮಚ ಕಲಸಿ. ಅದು ಕರಗುವುದಿಲ್ಲ, ಜೇನುತುಪ್ಪದ ಗಟ್ಟಿತನದಲ್ಲಿ ತೂಗಾಡಿಕೊಂಡಿರುತ್ತದೆ. ನೋಡಲು ಮಾತ್ರ ಬಹಳ ಚೆಂದ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಕಾಯಿಯ ಜೊತೆಗೆ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಬಹುದೇ? ಹಾಗೆಯೇ, ನಾನು ಬಳಸಿದ ಜೇನುತುಪ್ಪದಲ್ಲಿ ಉಳಿದಿದ್ದ ಭಾಗ ಈಗ ಡಬ್ಬದಲ್ಲೇ ತುಪ್ಪದಂತೆ ಹರಳುಗಟ್ಟಿದೆ. ಅದು ಸಕ್ಕರೆ ಬೆರೆಸಿದ್ದಿರಬಹುದೆಂದು ಮನೆಯಲ್ಲಿ ಅನುಮಾನ. ಅದನ್ನು ಈ ಕೆಲಸಕ್ಕೆ ಬಳಸಬಹುದೇ?

ಉತ್ತರ: ಗದಗದಿಂದ

ಹರಳುಗಟ್ಟುವುದನ್ನು ಕಲಬೆರಕೆಯ ಗುರುತೆಂದು ತಿಳಿದು ಒಳ್ಳೆಯ ಜೇನುತುಪ್ಪವನ್ನು ಚೆಲ್ಲಿದವರನ್ನು ನೋಡಿ ಬೇಸರಪಟ್ಟಿದ್ದೇನೆ, ಆದ್ದರಿಂದ ಮೊದಲು ಆ ಮಾತು. ಜೇನುತುಪ್ಪದಲ್ಲಿ ಮುಖ್ಯವಾಗಿ ಇರುವುದು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಗ್ಲೂಕೋಸ್ ಹೆಚ್ಚಿದ್ದರೆ ಬೇಗ ಹರಳುಗಟ್ಟುತ್ತದೆ. ನಮ್ಮ ಗದಗ ಸೀಮೆಯ ಎರೆಹೊಲಗಳ ಸೂರ್ಯಕಾಂತಿ ಹೂವಿನ ಜೇನುತುಪ್ಪ ಈ ಗುಣಕ್ಕೆ ಹೆಸರಾದದ್ದು. ನಾನು ಕೆಲವು ಪೆಟ್ಟಿಗೆಗಳನ್ನು ಇಟ್ಟು ಜೇನು ಸಾಕಿದ್ದೇನೆ, ಸೂರ್ಯಕಾಂತಿಯ ಹಂಗಾಮಿನಲ್ಲಿ ತೆಗೆದದ್ದು ಕೆಲವೇ ವಾರಗಳಲ್ಲಿ ಬೆಣ್ಣೆಯಂತಾಗುತ್ತದೆ. ಸುಮಾರು 14 ಡಿಗ್ರಿಯ ತಂಪಿನಲ್ಲಿ ಅದು ಎಲ್ಲಕ್ಕಿಂತ ಬೇಗ ಆಗುತ್ತದೆ. ಫ್ರಿಜ್ಜಿನಲ್ಲಿ ಇಡಬೇಡಿ ಎಂದು ಹೇಳುವುದಕ್ಕೆ ಹರಳು ಕಟ್ಟುವ ಈ ಗುಣವೇ ಕಾರಣ. ಡಬ್ಬವನ್ನು 45 ಡಿಗ್ರಿಯ ನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ, ಧಾರಾಳವಾಗಿ ಬಳಸಿ. ಆದರೆ ಖಾರ ಇಳಿದ ಮೇಲೆ ಕಾಯಿಯ ಚೂರುಗಳನ್ನು ಸೋಸಿ ತೆಗೆಯುವುದು ಅಗತ್ಯ, ಏಕೆಂದರೆ ಚೂರುಗಳ ಸುತ್ತಲೇ ಹೊಸ ಹರಳುಗಳು ಹುಟ್ಟಿಕೊಳ್ಳುತ್ತವೆ. ಪುಡಿ ಕಲಸಿದರೂ ಅದೇ ಆಗುತ್ತದೆ, ಬ್ಯಾಡಗಿಯವರು ಹೇಳಿದ ಚೆಂದ ನಮ್ಮ ಸೂರ್ಯಕಾಂತಿ ಜೇನಿನಲ್ಲಿ ಹೆಚ್ಚು ದಿನ ನಿಲ್ಲದು.

ಹೆಜ್ಜೇನಿನ ತುಪ್ಪವನ್ನು ಈ ಕೆಲಸಕ್ಕೆ ಬಳಸದಿರುವುದು ಮೇಲು. ಕಾಡಿನಿಂದ ಬರುವ ಆ ತುಪ್ಪ ಹಲವು ಸಲ ಪೂರ್ತಿ ಪಕ್ವವಾಗುವ ಮೊದಲೇ ಇಳಿಸಿದ್ದಾಗಿದ್ದು, ಅದರಲ್ಲಿ ತೇವ ಶೇಕಡಾ 20ಕ್ಕಿಂತ ಮೇಲಿರುವುದು ಸಾಮಾನ್ಯ. ಏನೂ ಹಾಕದೆಯೇ ನೊರೆಯೇಳುವ ಜೇನುತುಪ್ಪಕ್ಕೆ ಮೆಣಸಿನಕಾಯಿಯ ಪರೀಕ್ಷೆ ಬೇಡ. ಅದರ ಪರಿಮಳವನ್ನು ಖಾರದಡಿ ಮುಚ್ಚುವುದೂ ನನಗೆ ಸರಿಕಾಣುವುದಿಲ್ಲ, ಹಾಗೆಯೇ ತಿನ್ನಿ.

ಮನೆಯ ಹಿರಿಯರ ಆಕ್ಷೇಪಕ್ಕೆ ನನ್ನ ಬಳಿ ವಾದವಿಲ್ಲ, ಒಂದು ವಿಧಾನವಿದೆ. ಆಯುರ್ವೇದ ಬಿಸಿ ಮಾಡಿದ ಜೇನನ್ನು ನಿಷೇಧಿಸಿರುವುದು ನಿಜ, ನಮ್ಮ ಮನೆಯಲ್ಲೂ ಅದನ್ನು ಪಾಲಿಸುತ್ತೇವೆ. ಆದ್ದರಿಂದ ನಾವು ಒಲೆಯ ಹತ್ತಿರ ಹೋಗದೆ, ಏಪ್ರಿಲ್ ಮೇ ತಿಂಗಳಲ್ಲಿ ಈ ಕೆಲಸ ಮಾಡುತ್ತೇವೆ. ಆಗ ಗದಗದಲ್ಲಿ ಮನೆಯೊಳಗೂ ಜೇನುತುಪ್ಪ ನೀರಿನಂತೆ ಓಡಾಡುವಷ್ಟು ಸೆಕೆ ಇರುತ್ತದೆ. ಒಣ ಚೂರುಗಳನ್ನು ಹಾಕಿದ ಭರಣಿಯನ್ನು ಕತ್ತಲೆಯ ಕಪಾಟಿನಲ್ಲಿಟ್ಟು, ದಿನಕ್ಕೊಮ್ಮೆ ತಲೆಕೆಳಗು ಮಾಡಿ, ಮೂರು ವಾರಗಳ ಮೇಲೆ ಸೋಸುತ್ತೇವೆ. ಬಿಸಿಲಿಗೆ ಇಡಬಾರದು, ಜೇನುತುಪ್ಪದ ಕಿಣ್ವಗಳು ಬೆಳಕಿಗೂ ಸೂಕ್ಷ್ಮ. ಹೀಗೆ ಇಳಿದ ಖಾರ ಬಿಸಿಯಲ್ಲಿ ಇಳಿದದ್ದಕ್ಕಿಂತ ಸೌಮ್ಯವಾಗಿರುತ್ತದೆ, ಹೂವಿನ ಪರಿಮಳ ಪೂರ್ತಿ ಉಳಿಯುತ್ತದೆ. ನನ್ನ ಆಯ್ಕೆ ಯಾವಾಗಲೂ ಇದೇ.

ತಿನ್ನುವುದು ಯಾವುದರ ಜೊತೆ ಎಂದು ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಬಿಸಿಯಾದ ಸಜ್ಜೆ ರೊಟ್ಟಿಗೆ ಬೆಣ್ಣೆ ಸವರಿ, ಅದರ ಮೇಲೆ ಈ ಜೇನುತುಪ್ಪವನ್ನು ಎಳೆಯಾಗಿ ಬಿಟ್ಟು, ಹುರಿದ ಎಳ್ಳು ಉದುರಿಸಿ ನೋಡಿ.

ಉತ್ತರ: ಧಾರವಾಡದಿಂದ, ಮತ್ತೊಮ್ಮೆ

ಬೆಳ್ಳುಳ್ಳಿ ಬೇಡ. ಅದು ಮಣ್ಣಿನೊಳಗೆ ಬೆಳೆಯುವ, ಹುಳಿಯಿಲ್ಲದ, ತೇವವಿರುವ ವಸ್ತು. ನಾನು ಮೊದಲು ಹೇಳಿದ ಬೀಜಕಣಗಳಿಗೆ ಬೇಕಾದ ಅನುಕೂಲಗಳೆಲ್ಲ ಅದರಲ್ಲಿವೆ. ಆ ಸ್ವಾದ ಬೇಕಿದ್ದರೆ ಊಟದ ಹೊತ್ತಿಗೆ ಒಂದು ಬಟ್ಟಲು ಜೇನುತುಪ್ಪದಲ್ಲಿ ಜಜ್ಜಿದ ಬೆಳ್ಳುಳ್ಳಿ ಕಲಸಿ, ಅಂದೇ ಮುಗಿಸಿ. ಹುಳಿಗಾಗಿ ವಿನೆಗರ್ ಹಾಕುವವರೂ ಇದ್ದಾರೆ. ರುಚಿಗೆ ಅದು ಒಪ್ಪುತ್ತದೆ, ಆದರೆ ಅದೂ ನೀರೇ ಆದ್ದರಿಂದ 500 ಗ್ರಾಂಗೆ ಎರಡು ಚಹಾ ಚಮಚ ಮೀರಬೇಡಿ. ವಿನೆಗರ್ ಹಾಕಿದ ಭರಣಿಯನ್ನು ಮಾತ್ರ ಫ್ರಿಜ್ಜಿನಲ್ಲಿಟ್ಟು, ಹರಳುಗಟ್ಟಿದರೆ ಬೆಚ್ಚಗಿನ ನೀರಿನಲ್ಲಿ ಕರಗಿಸಿಕೊಳ್ಳಿ.

ಖಾರ ನೋಡುವಾಗ ಒಂದು ಎಚ್ಚರಿಕೆ ಇರಲಿ. ಸಿಹಿ ಖಾರವನ್ನು ಮರೆಮಾಡುತ್ತದೆ. ಮೆಣಸಿನಕಾಯಿಯ ಖಾರವನ್ನು ಅಳೆಯಲು 1912ರಲ್ಲಿ ವಿಲ್ಬರ್ ಸ್ಕೋವಿಲ್ ರೂಪಿಸಿದ ಪರೀಕ್ಷೆಯಲ್ಲಿ ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ, ಖಾರ ತಿಳಿಯದಷ್ಟು ತೆಳುವಾಗುವ ತನಕ, ಬೆರೆಸುತ್ತ ಹೋಗುತ್ತಿದ್ದರು. ನಿಮ್ಮ ಭರಣಿಯೂ ಅಂಥ ಸಕ್ಕರೆ ನೀರೇ. ಆದ್ದರಿಂದ ಚಮಚದಲ್ಲಿ ನೆಕ್ಕಿದ ಕೂಡಲೇ ಖಾರ ಸಾಲದೆಂದು ಮತ್ತಷ್ಟು ಕಾಯಿ ಸುರಿಯದೆ, ಒಂದು ನಿಮಿಷ ಕಾದು, ರೊಟ್ಟಿಯ ತುಂಡಿನ ಜೊತೆ ತಿಂದು ತೀರ್ಮಾನಿಸಿ. ಬಿಸಿ ತಿನಿಸಿನ ಮೇಲೆ ಅದೇ ಜೇನುತುಪ್ಪ ಇನ್ನೂ ಖಾರವೆನಿಸುತ್ತದೆ. ಸುಮಾರು 43 ಡಿಗ್ರಿಗಿಂತ ಮೇಲಿನ ಸುಡುವ ಬಿಸಿಗೂ ಕ್ಯಾಪ್ಸೈಸಿನ್‌ಗೂ ಬಾಯಿಯ ನರಗಳಲ್ಲಿ ಸ್ಪಂದಿಸುವ ಗ್ರಾಹಕ ಒಂದೇ.

ಪ್ರಶ್ನೆ ಕೇಳಿದವರಿಂದ

ನಾಲ್ಕು ವಾರಗಳ ನಂತರ ಬರೆಯುತ್ತಿದ್ದೇನೆ. ಡಬ್ಬಿ 15 ಗ್ರಾಂ, ಗುಂಟೂರು 5 ಗ್ರಾಂ, ಗದಗದವರು ಹೇಳಿದಂತೆ ಒಲೆಯಿಲ್ಲದ ವಿಧಾನ, ಕತ್ತಲೆಯ ಕಪಾಟು. ಮೊದಲ ವಾರ ಏನೂ ಆಗುತ್ತಿಲ್ಲವೆಂದು ಅಧೀರನಾಗಿದ್ದೆ, ಹತ್ತನೆಯ ದಿನದಿಂದ ಪರಿಮಳ ತಿಳಿಯತೊಡಗಿತು. ಜೇನುತುಪ್ಪ ಮೊದಲಿನಷ್ಟೇ ಗಟ್ಟಿಯಾಗಿದೆ, ನೊರೆಯಿಲ್ಲ, ಬಣ್ಣ ಹೊಂಬಣ್ಣವಾಗಿಯೇ ಉಳಿದಿದೆ. ಆಕ್ಷೇಪಿಸಿದ್ದ ಹಿರಿಯರೇ ನಿನ್ನೆ ಎರಡನೆಯ ರೊಟ್ಟಿಗೂ ಕೇಳಿ ಹಾಕಿಸಿಕೊಂಡರು. ಸೋಸಿದ ಮೇಲೆ ಒಂದು ಹಿಡಿಯಷ್ಟು ಚೂರುಗಳು ಜೇನು ಹಿಡಿದು ಉಳಿದಿವೆ, ಅವನ್ನು ಎಸೆಯಲು ಮನಸ್ಸಾಗುತ್ತಿಲ್ಲ.

ಉತ್ತರ: ಗದಗದಿಂದ

ಎಸೆಯಬೇಡಿ. ಹುರಿದ ಶೇಂಗಾ, ಜೀರಿಗೆ, ಉಪ್ಪಿನೊಂದಿಗೆ ಅವನ್ನು ಒರಳಿಗೆ ಹಾಕಿ ತರಿತರಿಯಾಗಿ ಕುಟ್ಟಿ. ಜೇನಿನ ಅಂಟಿನಿಂದ ಚಟ್ನಿ ಪುಡಿಯಾಗಿ ಉದುರುವುದಿಲ್ಲ, ಉಂಡೆಗೆ ಬರುತ್ತದೆ, ಎರಡು ಮೂರು ದಿನಗಳಲ್ಲಿ ತಿಂದು ಮುಗಿಸಿ.